ದೇವರ ಮನಿಗೆ ಹಚ್ಚಿದ ಬಣ್ಣ

“ಇಳಿ ಕೆಳಗ! ಮೊದ್ಲ ಏಣಿ ಇಳಿ, ಆಮ್ಯಾಲ ಬಾಯಿ ಬಿಡು! ಯಾರ ಪೈಕಿ ಅದೀ ನೀನು?”

ಗೌಡರ ಹೆಂಡತಿ ಕೊಟ್ರಬಸಮ್ಮನ ದನಿಗೆ ಸುಂಕಮ್ಮನ ಬ್ರಶ್ಶು ಕಿಟಕಿಯ ಕಂಬಿಯ ಮೇಲೆಯೇ ನಿಂತುಬಿಟ್ಟಿತು. ಕಪ್ಪು ಎಣ್ಣೆ ಬಣ್ಣ ಹಿಡಿಯಿಂದ ಜಾರಿ ಮೊಣಕೈತನಕ ಇಳಿಯಿತು. ಒರೆಸಿಕೊಳ್ಳಲು ಕೈ ಬರಲಿಲ್ಲ.

ಆಗಿದ್ದು ಇಷ್ಟೇ. ಸೆಗಣಿ ಬುಟ್ಟಿ ಹೊತ್ತು ಓಣಿಯಲ್ಲಿ ಹೊರಟಿದ್ದ ಮುದುಕಿಯೊಬ್ಬಳು ಗೇಟಿನ ಮುಂದೆ ನಿಂತು, ಏಣಿಯ ಮೇಲಿದ್ದವಳನ್ನು ನೋಡಿ, ಊರಿಗೆಲ್ಲ ಕೇಳುವಂತೆ ಕೂಗಿದ್ದಳು: “ಲೇ ಸುಂಕೀ! ನಮ್ಮ ಸುಂಕಿ ಅಲ್ಲೇನಬೇ ನೀನು? ಕುರುಗೋಡಿಗೆ ಬಂದು ದೊಡ್ಡವ್ವನ ಮನಿಗೆ ಬರ್ಲಿಲ್ಲ ನೋಡು, ಮೂಳೀ!”

ಹಾಗೆ ಕೂಗಿದವಳು ಉಚ್ಚೆಂಗೆಮ್ಮ. ಈ ಮನೆಯ ದನದ ಕೊಟ್ಟಿಗೆ ಬಳಿಯುವವಳು. ಕೊಟ್ಟಿಗೆಯ ಗೋಡೆ ದಾಟಿ ಈಚೆಗೆ ಆಕೆಯ ಕಾಲು ಬಿದ್ದದ್ದೇ ಇಲ್ಲ. ಆಕೆಯ ಮನೆ ಯಾವ ಕೇರಿಯಲ್ಲಿದೆ ಎಂದು ಊರಿನ ನಾಯಿಗೂ ಗೊತ್ತು. ಆಕೆ ಒಬ್ಬಳನ್ನು ‘ನಮ್ಮ ಸುಂಕಿ’ ಅಂದಳು ಅಂದರೆ ಆ ಸುಂಕಿ ಯಾವ ಕೇರಿಯವಳು ಅಂತ ಕೊಟ್ರಬಸಮ್ಮನಿಗೆ ಬಿಡಿಸಿ ಹೇಳಬೇಕೆ?

“ನಿನ್ನ ಹೆಸ್ರು ಸುನಂದಾ ಅಲ್ಲೇನಲೇ? ಆ ಮೇಸ್ತ್ರಿ ಹೇಳಿದ್ದು ಸುನಂದಾ ಅಂತ! ಊರಾಗಿನೋರು, ಕೇರಿಯೋರಲ್ಲ ಅಂತ!”

ಹೇಳಿದ್ದು ಹೌದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸುಂಕಮ್ಮನ ಬಾಡಿಗೆ ಖೋಲಿಯ ಪಕ್ಕದಲ್ಲೇ ಇರುವ ಯರ್ರಿಸ್ವಾಮಿ, ಆಕೆಯ ಜಾತಿಯವನೇ, ಬಣ್ಣದ ಕೆಲಸಕ್ಕೆ ಅವಳನ್ನು ಕರೆದೊಯ್ಯುವ ಮೇಸ್ತ್ರಿ. ಬಸ್ಸಿನಲ್ಲಿ ಕೂತಾಗಲೇ ಕಿವಿಯಲ್ಲಿ ಹೇಳಿದ್ದ. “ನೋಡವ್ವಾ ತಲ್ಲೀ, ಕುರುಗೋಡ್ನ್ಯಾಗ ನೀನು ಸುನಂದಾ, ನಾನು ಊರಾಗಿನೋನು. ಹೊರಗಿನ ಗ್ವಾಡಿ, ಗೇಟು ಯಾರನ್ನ ಬೇಕಾದ್ರೂ ಮಾಡಸ್ತಾರ. ಒಳಮನಿ ಕೆಲಸ ಬೇಕಂದ್ರ ಜಾತಿ ಕೇಳ್ತಾರ. ಒಂದ್ಸಲ ಗೊತ್ತಾತು ಅಂದ್ರ ಇಲ್ಲಿಂದ ಸಿರುಗುಪ್ಪದತನಕ ಒಬ್ಬ ಗೌಡನೂ ನಮ್ಮನ್ನ ಕರಿಯಂಗಿಲ್ಲ.” ಸುಂಕಮ್ಮ ಹ್ಞೂಂ ಅಂದಿದ್ದಳು; ಚಿಕ್ಕವಳಿದ್ದಾಗಲೇ ಬಿಟ್ಟ ಊರು, ಕೇರಿಯಾಚೆ ಅವಳ ಮುಖದ ಗುರುತು ಯಾರಿಗೂ ಇರಲಿಲ್ಲ. ಹೆಸರೇನು, ಮೈಮೇಲಿನ ಹಳೇ ಸೀರೆಯೇ? ಕೆಲಸಕ್ಕೆ ಬಂದಾಗ ಒಂದು, ಮನೆಗೆ ಹೋದಾಗ ಒಂದು.

ಆದರೆ ಈ ಮನೆಯಲ್ಲಿ ಒಂದು ಎಡವಟ್ಟಾಗಿತ್ತು. ಶುಭಕ್ಕೆ ಅಂತ ಗೌಡರು ಬಣ್ಣದ ಕೆಲಸವನ್ನು ದೇವರ ಮನೆಯಿಂದಲೇ ಶುರು ಮಾಡಿಸಿದ್ದರು. ಮೊಟ್ಟಮೊದಲ ಕೈಯನ್ನು ಸುಂಕಮ್ಮನೇ ಹಾಕಿದ್ದಳು. “ಹೆಣ್ಣುಮಗಳ ಕೈ, ಲಕ್ಷ್ಮಿ ಕೈ” ಅಂತ ಕೊಟ್ರಬಸಮ್ಮನೇ ಬ್ರಶ್ಶಿಗೆ ಅರಿಶಿನ ಹಚ್ಚಿ ಕೊಟ್ಟಿದ್ದಳು. ಆಮೇಲೆ ಅಡಿಗೆ ಮನೆ, ಪಡಸಾಲೆ, ನೀರಿನ ತೊಟ್ಟಿ, ಕಬ್ಬಿಣದ ತಿಜೋರಿ, ತೂಗುಮಂಚ, ತೇಗದ ತಲೆಬಾಗಿಲು. ಇವತ್ತು ಕಿರಿಮಗಳ ನಿಶ್ಚಿತಾರ್ಥದ ಮೊದಲು ದೇವರುಗಳನ್ನು ಮತ್ತೆ ಒಳಗೆ ಕೂಡಿಸುವ ಪೂಜೆ. ಮನೆಮಂದಿ, ಅಳಿಯಂದಿರು ಎಲ್ಲ ಜಳಕ ಮಾಡಿ ಮಡಿ ಉಟ್ಟು ನಿಂತಿದ್ದರು. ಪಡಸಾಲೆಯ ಹಲಗೆಯ ಮೇಲೆ ಬೆಳ್ಳಿಯ ದೇವರುಗಳು ಕೆಂಪು ವಸ್ತ್ರ ಹೊದ್ದು ಕಾಯುತ್ತಿದ್ದವು.

ಸುಂಕಮ್ಮ ಏಣಿ ಇಳಿದು ಅಂಗಳದಲ್ಲಿ ನಿಂತಳು.

ಮರಿಬಸಪ್ಪ ಗೌಡರು ಹೊರಗೆ ಬಂದರು. ಬಿಳಿ ಪಂಚೆ, ಹಸಿ ಕೂದಲು. ಅವರ ಹಿಂದೆ ಪೂಜೆಗೆ ಬಂದ ಅಯ್ಯನವರು. ಬಣ್ಣ ಕಲಸುತ್ತಿದ್ದ ಯರ್ರಿಸ್ವಾಮಿ ಹಿತ್ತಲಿನಿಂದ ಓಡಿ ಬಂದವನು ಸುಂಕಮ್ಮನ ಮುಖ ನೋಡಿದ, ಗೇಟಿನಲ್ಲಿದ್ದ ಮುದುಕಿಯನ್ನು ನೋಡಿದ, ಕೋಲು ಕೆಳಗೆ ಹಾಕಿದ.

ಗೌಡರು ಜಾಣರು. ಕೂಗಲಿಲ್ಲ. “ಏ ಕೊಟ್ರಿ, ಬಾಯಿ ಮುಚ್ಚು. ನಾ ಯಾರ ಜಾತಿ ಹೆಸ್ರೂ ಎತ್ತಿಲ್ಲ, ನೀನೂ ಎತ್ತಬ್ಯಾಡ. ಎಲ್ರೂ ಕೇಳಿಸ್ಕೊಂಡ್ರಿಲ್ಲೋ? ನಾಳೆ ಕೇಸು ಗೀಸು ಅಂತ ಯಾರರ ಬಂದ್ರ ನೀವಽ ಸಾಕ್ಷಿ.” ಆಮೇಲೆ ಸುಂಕಮ್ಮನ ಕಡೆ ತಿರುಗಿ, ಬೆಣ್ಣೆಯಂಥ ದನಿಯಲ್ಲಿ, “ನೋಡವಾ, ಬೀಗರು ದಾರಿಯಾಗ ಅದಾರ. ನಂಗೂ ರಗಳಿ ಬ್ಯಾಡ, ನಿಂಗೂ ಬ್ಯಾಡ. ಮುದುಕಿಗಿ ಕಣ್ಣು ಕಾಣಂಗಿಲ್ಲ, ಯಾರನ್ನೋ ನೋಡಿ ಯಾರನ್ನೋ ಕರದಾಳ. ಹೌದಿಲ್ಲ? ‘ಈ ಮುದುಕಿ ಯಾರೋ ನಂಗೊತ್ತಿಲ್ಲ’ ಅಂತ ಅಯ್ಯನೋರ ಮುಂದ ಒಂದು ಮಾತು ಅಂದುಬಿಡು. ಮುಗೀತು. ನೀ ಸುನಂದಾ, ನಿನ್ನ ಕೆಲಸ ನಿಂಗ.”

“ಮಾತು ಅಂದ್ರ ಮಾತು. ಬಾಯಿಂದ ಬಂದ್ರ ನಮಗ ಸಾಕು” ಅಂದರು ಅಯ್ಯನವರು. ಅವರಿಗೂ ಹೊತ್ತಾಗುತ್ತಿತ್ತು.

ಯರ್ರಿಸ್ವಾಮಿ ಕಣ್ಣಲ್ಲೇ ಕೈಮುಗಿದ. ಅನ್ನು, ಅಂದುಬಿಡು.

ಗೇಟಿನಾಚೆ ಉಚ್ಚೆಂಗೆಮ್ಮ ಬುಟ್ಟಿ ಇಳಿಸಿರಲಿಲ್ಲ. ತಾನು ಮಾಡಿದ್ದೇನು ಅಂತ ಅವಳಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು. ಬೊಚ್ಚು ಬಾಯಿ ತೆರೆದು ಹೇಗೋ ನಕ್ಕಳು.

“ತಪ್ಪಾತ್ರೀ ಯಪ್ಪಾ! ಕಣ್ಣಾಗ ಪೊರಿ ಬಂದೈತಿ, ಎಮ್ಮಿ ಯಾವುದು ಕ್ವಾಣ ಯಾವುದು ತಿಳಿಯಂಗಿಲ್ಲ. ಈಯಮ್ಮ ಯಾರೋ ಏನೋ. ನಮ್ಮ ಸುಂಕಿ ಇಷ್ಟು ದಪ್ಪ ಇಲ್ಲ ಬಿಡ್ರಿ, ಕಡ್ಡಿ ಆಕಿ. ನಾ ಬರ್ತೀನ್ರಿ” ಅನ್ನುತ್ತ ಹೊರಳಿದಳು. ಹೊರಳಿದವಳ ಕಾಲು ಮಾತ್ರ ಕೀಳಲಿಲ್ಲ.

ಸುಂಕಮ್ಮನ ಹೆತ್ತವ್ವ ಕೆಂಚನಗುಡ್ಡದಲ್ಲಿ ಹೊಳೆಪಾಲಾದಾಗ, ಸೊಂಟದ ಮೇಲೆ ಕೂಡಿಸಿಕೊಂಡು ಕುರುಗೋಡಿಗೆ ಹೊತ್ತು ತಂದವಳು ಈ ದೊಡ್ಡವ್ವ. ತನ್ನ ಮಕ್ಕಳ ತಟ್ಟೆಯಿಂದ ರೊಟ್ಟಿ ಮುರಿದು ಇವಳ ಬಾಯಿಗಿಟ್ಟವಳು. ಈಗ ನಾಕು ಮಂದಿಯ ಮುಂದೆ, ತಾನೇ ಸಾಕಿದ ಕೂಸನ್ನು ‘ಯಾರೋ ಏನೋ’ ಅನ್ನುತ್ತಿದ್ದಾಳೆ. ಅದೂ ನಗುತ್ತ. ಸುಂಕಮ್ಮ ಮೊಣಕೈಯ ಬಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

“ಹೇಳವಾ ಲಗೂನ” ಅಂದರು ಗೌಡರು.

“ಆಕಿ ಕಣ್ಣು ಚಲೋ ಅದಾವ್ರಿ” ಅಂದಳು ಸುಂಕಮ್ಮ. “ಆಕಿ ನಮ್ಮ ದೊಡ್ಡವ್ವ. ನಾನು ಸುಂಕಿ.”

ಕೊಟ್ರಬಸಮ್ಮ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಳು. “ನನ್ನ ದೇವ್ರ ಮನಿ! ಅಯ್ಯಯ್ಯೋ ಬೋಸುಡಿ, ನನ್ನ ದೇವ್ರ ಮನಿ ಕೆಡಿಸಿದೆಲ್ಲೇ! ಅರಿಷಿಣ ಹಚ್ಚಿ ಕೊಟ್ಟೆನೆಲ್ಲೇ ನಿಂಗ!”

“ಕೆಟ್ಟದ್ದಕ್ಕ ದಾರಿ ಐತಿ” ಅಂದರು ಅಯ್ಯನವರು. “ಹಚ್ಚಿದ್ದೆಲ್ಲಾ ಕೆರದು ತಗೀಬೇಕು. ಗಾರಿ ಕಾಣೋತನಕ. ಆಮ್ಯಾಲ ಗೋಮೂತ್ರ, ಆಮ್ಯಾಲ ಪೂಜಿ.”

“ಯಾರು ಕೆರಿಯೋರು?” ಅಂದರು ಗೌಡರು.

ಮಡಿಯಲ್ಲಿದ್ದ ಅಳಿಯಂದಿರು ತಮ್ಮ ತಮ್ಮ ಪಂಚೆಯ ಅಂಚು ನೋಡಿಕೊಂಡರು. ಬಣ್ಣ ಕೆರೆಯುವುದೆಂದರೆ ಮೂಗು ಬಾಯಿ ಕಣ್ಣಿಗೆಲ್ಲ ಧೂಳು, ಉಗುರು ಕಿತ್ತು ಬರುವ ದುಡಿಮೆ.

“ಇವಳಽ ಕೆರೀಲಿ” ಅಂದಳು ಕೊಟ್ರಬಸಮ್ಮ. “ಹಚ್ಚಿದಾಕಿ ಇವಳು, ತಗಿಯಾಕಿನೂ ಇವಳಽ. ಹೆಂಗೂ ಕೆಟ್ಟೈತಿ, ಇನ್ನೇನು ಕೆಡತೈತಿ?”

ಸುಂಕಮ್ಮನಿಗೆ ನಗು ಬಂತು. ಬಾರದ ಜಾಗದಲ್ಲಿ ಬಂದ ನಗು, ತಡೆಯಲಾಗಲಿಲ್ಲ. “ಅಂದ್ರ ಹಚ್ಚಾಕ ಹೋದ್ರ ಮೈಲಿಗಿ, ಕೆರಿಯಾಕ ಹೋದ್ರ ಮಡಿ. ಹಂಗೇನ್ರಿ ಅಮ್ಮಾರ?”

“ನಕ್ಕೊಂತ ಮಾತಾಡ್ತೀ ಏನ್ಲೇ ಕೇರಿ ರಂಡೇ!”

“ಕೊಟ್ರೀ!” ಅಂದರು ಗೌಡರು, ಹಲ್ಲು ಕಚ್ಚಿ. “ನಾ ಏನು ಹೇಳಿನಿ ನಿಂಗ?”

ಸುಂಕಮ್ಮ ಸಾಮಾನಿನ ಚೀಲದಿಂದ ಕೆರೆಯುವ ಪಟ್ಟಿ ತೆಗೆದಳು. ಅಗಲ ಬಾಯಿಯ ಉಕ್ಕಿನ ಪಟ್ಟಿ. “ಆತ್ರಿ. ಕೆರೀತೀನಿ” ಅಂದಳು. ಯರ್ರಿಸ್ವಾಮಿ ಉಸಿರು ಬಿಟ್ಟ. ಗೌಡರು ಒಳಗೆ ಹೋಗಲು ದಾರಿ ಬಿಟ್ಟು ಸರಿದು ನಿಂತರು, ಸೆರಗು ತಾಗದಷ್ಟು ದೂರ.

ಆಕೆ ಮೆಟ್ಟಿಲು ಹತ್ತಿದಳು. ಹೊಸ್ತಿಲು ದಾಟಲಿಲ್ಲ. ತಲೆಬಾಗಿಲ ಮುಂದೆ ನಿಂತು, ತಾನೇ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ ತೇಗದ ಹಲಗೆಗೆ ಪಟ್ಟಿಯನ್ನು ಒತ್ತಿ, ಮೇಲಿಂದ ಕೆಳಗೆ ಎಳೆದಳು.

ಕರ್ರ್‌ರ್ ಅಂತ ಬಿಳಿ ಗಾಯ ಎದ್ದಿತು. ಪಾಲಿಶ್ಶಿನ ಸುರುಳಿ ಕಾಲ ಮೇಲೆ ಬಿತ್ತು.

“ಏಯ್! ಏನ್ ಮಾಡಾಕತ್ತೀ?”

“ಕೆರಿಯಾಕತ್ತೀನ್ರಿ. ದೇವ್ರ ಮನಿ ಒಂದಕ್ಕಽ ಹೆಂಗ ಮೈಲಿಗಿ ಆಕ್ಕೈತಿ? ಈ ಬಾಗಿಲಾ ನಾನಽ ಉಜ್ಜೀನಿ. ಅಡಿಗಿಮನಿ ಗ್ವಾಡಿ ನಾನಽ ಬಳದೀನಿ. ನೀರಿನ ತೊಟ್ಟಿ ಒಳಗ ಇಳದು ಸುಣ್ಣ ಹೊಡದಾಕಿನೂ ನಾನಽ, ಆ ನೀರಾಗಽ ಜಳಕ ಮಾಡಿ ಮಡಿ ಉಟ್ಟು ನಿಂತೀರಿ. ಇಲ್ಲಿಂದ ಕೆರಕೊಂತ ಹೊಕ್ಕೀನಿ. ಕಡೀಕ ದೇವ್ರ ಮನಿ ಬರತೈತಿ, ಗಡಿಬಿಡಿ ಮಾಡಬ್ಯಾಡ್ರಿ.”

ಮತ್ತೆ ಎಳೆದಳು. ಕರ್ರ್‌ರ್.

“ಹಿಡೀರಿ ಆಕಿ ಕೈನ!” ಅಂತ ಚೀರಿದರು ಗೌಡರು. ದೊಡ್ಡ ಅಳಿಯ ಎರಡು ಹೆಜ್ಜೆ ಮುಂದೆ ಬಂದ. ಕೈ ಚಾಚಿದ. ಚಾಚಿದ ಕೈ ಗಾಳಿಯಲ್ಲೇ ನಿಂತಿತು.

“ಮುಟ್ಟಬ್ಯಾಡ್ರೀ, ಮಡಿ!” ಅಂದರು ಅಯ್ಯನವರು.

ಸುಂಕಮ್ಮನಿಗೆ ಆಗ ಹೊಳೆಯಿತು. ಈ ಅಂಗಳ ತುಂಬ ಗಂಡಸರಿದ್ದಾರೆ, ತನ್ನ ಕೈ ಹಿಡಿಯುವವನು ಒಬ್ಬನೂ ಇಲ್ಲ. ಬೈಗುಳ ಬರುತ್ತಿದ್ದವು, ಸೂಳೆ ಅಂದರು, ಅವರವ್ವನನ್ನೂ ಎಳೆದರು. ಕೈ ಮಾತ್ರ ಒಂದೂ ಬರಲಿಲ್ಲ. ಕೈಗೆ ಬಲ ಬಂತು. ಹಲಗೆಯ ಮೇಲಿನ ಕೆತ್ತನೆ ಬಳ್ಳಿಯನ್ನು ಬುಡದಿಂದ ಕೆರೆದಳು.

“ಯರ್ರಿ! ಸೂಳೆಮಗನ, ನೀ ಹಿಡಿಯಲೇ! ನಿಂಗೇನ್ ಮಡಿ ಐತಿ?” ಅಂತ ಗೌಡರು ಒದರಿದರು.

ಯರ್ರಿಸ್ವಾಮಿ ಹತ್ತಿರ ಬಂದ. “ಬ್ಯಾಡ ಸುಂಕೀ, ದುಡಿಮಿ ಹೋಗತೈತಿ” ಅಂದ, ಅಳುವವನಂತೆ.

“ಹಿಡಿ ಹಂಗಾರ” ಅಂದಳು ಸುಂಕಮ್ಮ. “ಇವ್ರೊಳಗ ನನ್ನ ಮುಟ್ಟೋನು ನೀ ಒಬ್ನಽ ಅದೀ. ಹಿಡಿ.”

ಅವನು ತನ್ನ ಅಂಗೈ ನೋಡಿಕೊಂಡ. ಆಮೇಲೆ ಗೌಡರ ಮನೆಯ ಮೆಟ್ಟಿಲಿನ ಮೇಲೆ, ಇಷ್ಟು ದಿನ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುತ್ತಿದ್ದ ಅದೇ ಮೆಟ್ಟಿಲಿನ ಮೇಲೆ, ಕಾಲು ಚಾಚಿ ಕೂತುಬಿಟ್ಟ.

ಗೇಟಿನ ಕಡೆಯಿಂದ ಉಚ್ಚೆಂಗೆಮ್ಮನ ದನಿ ಬಂತು. ಅವಳು ಹೋಗಿರಲಿಲ್ಲ. “ಮೂಲಿ ಬಿಟ್ಟಿ ನೋಡಬೇ ಸುಂಕೀ, ಚೌಕಟ್ಟಿನ ಮೂಲಿ!”

ಗೌಡರು ಫೋನು ಕಿವಿಗೆ ಹಚ್ಚಿದರು. ಅವರ ಗದ್ದೆ ಕಾಯುವ ಹುಡುಗರಿಗೆ. “ಎಲ್ಲಿ ಅದೀರಲೇ? ಗಾಡಿ ತಗೊಂಡು ಮನಿಗೆ ಬರ್ರಿ, ಇದ್ದಂಗ ಬರ್ರಿ. ಜಳಕ ಆಗೈತೇನು?... ಆಗಿಲ್ಲ? ಚಲೋ ಆತು. ಮಾಡಬ್ಯಾಡ್ರಿ. ಹಂಗಽ ಬರ್ರಿ.”

ಸುಂಕಮ್ಮ ಕೇಳಿಸಿಕೊಂಡಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಎರಡನೆಯ ಹಲಗೆಗೆ ಬಂದಳು. ಓಣಿಯ ಆಚೆ ತುದಿಯಲ್ಲಿ ಬೈಕುಗಳು ಗುರ್ರೆಂದವು, ಒಂದಲ್ಲ. ಬಾಗಿಲು ಇನ್ನೂ ಅರ್ಧ ಉಳಿದಿತ್ತು. ಆಕೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು.