ನರ್ಸಮ್ಮನ ಬಂಪರು

ನನ್ನ ನಾದಿನಿಯ ಜೀಪು ಆ ಸಂಜೆ ಮನೆಗೆ ಬಂದದ್ದು ಟ್ರ್ಯಾಕ್ಟರಿನ ಬೆನ್ನು ಹಿಡಿದು. ಅದರ ಮೂತಿಯೇ ಇರಲಿಲ್ಲ. ಮುಂದಿನ ಬಂಪರು ಎರಡು ತುಂಡಾಗಿ ಹಿಂದಿನ ಸೀಟಿನಲ್ಲಿ ಬಿದ್ದಿತ್ತು. ನಾನು ಹೊಲಿಗೆ ಮಷೀನು ನಿಲ್ಲಿಸಿ ಬಾಗಿಲಿಗೆ ಬಂದೆ. ಅವಳು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಇಳಿದು, ನೇರ ನಲ್ಲಿಯ ಹತ್ತಿರ ಹೋದಳು.

ಬೆಟ್ಟದಾಚೆಯ ಆರು ಹಳ್ಳಿಗಳಿಗೆ ಇರುವುದೊಂದೇ ಆರೋಗ್ಯ ಕೇಂದ್ರ. ಅಲ್ಲಿ ಅವಳು ನರ್ಸು. ವಯಸ್ಸು ನಲವತ್ತೆರಡು. ಊರಿಗೆಲ್ಲ ನರ್ಸಮ್ಮ. ಅವಳ ಅಣ್ಣನಿಗೆ, ಅಂದರೆ ನನ್ನ ಗಂಡನಿಗೆ, ಇನ್ನೂ ಪುಟ್ಟಿ. ನಮ್ಮ ಮನೆಯ ಮಹಡಿಯ ಕೋಣೆಯೇ ಅವಳ ಮನೆ. ಹಳೆಯ ಜೀಪೊಂದನ್ನು ತಾನೇ ಕೊಂಡು, ಬೇರೆ ಗಾಡಿ ಹೋಗದ ಕಡೆಗೆಲ್ಲ ಓಡಿಸುತ್ತಿದ್ದಳು.

ಅವತ್ತು ನಡೆದದ್ದನ್ನು ಟ್ರ್ಯಾಕ್ಟರಿನವನೇ ಹೇಳಿದ. ಹೆರಿಗೆ ನೋವು ಬಂದ ಹೆಂಗಸನ್ನು ಕೂರಿಸಿಕೊಂಡು ಬರುವಾಗ ಹಳ್ಳದ ನಡುವೆ ಜೀಪು ಹೂತುಕೊಂಡಿತು. ಇವನು ಎಳೆಯಲು ಹೋದ. ಕೆಳಗಿನ ಕೊಕ್ಕೆ ತುಕ್ಕು ಹಿಡಿದು ಯಾವಾಗಲೋ ಉದುರಿಹೋಗಿತ್ತು. ಬೇರೆ ದಾರಿ ಕಾಣದೆ ಹಗ್ಗವನ್ನು ಬಂಪರಿಗೇ ಬಿಗಿದರು. ಕಂಪನಿಯ ಬಂಪರು, ಮೇಲೆ ಪ್ಲಾಸ್ಟಿಕ್ಕು, ಒಳಗೆ ತೆಳು ತಗಡು. ಸಡಿಲ ಗುಂಡಿ ಕಿತ್ತ ಹಾಗೆ ಕಿತ್ತುಬಂತು. ಕೊನೆಗೆ ಆ ಹೆಂಗಸನ್ನು ಯಾರದೋ ಮನೆಯ ಬಾಗಿಲ ಹಲಗೆಯ ಮೇಲೆ ಮಲಗಿಸಿ ಮೂರು ಮೈಲಿ ಹೊತ್ತರಂತೆ. ತಾಯಿ ಮಗು ಇಬ್ಬರೂ ಉಳಿದರು. ಕೂದಲೆಳೆಯಲ್ಲಿ ಉಳಿದರು.

ನಾದಿನಿ ಕಾಲು ತೊಳೆದು ಬಂದು ಮೆಟ್ಟಿಲ ಮೇಲೆ ಕೂತಳು.

"ಅತ್ತಿಗೆ, ಹಗ್ಗ ಕಟ್ಟೋಕೆ ಒಂದು ಗಟ್ಟಿ ಜಾಗ ಬೇಕು. ಅಷ್ಟೇ. ಬೇರೇನೂ ಬೇಡ ನಂಗೆ," ಅಂದಳು.

ಮರುದಿನ ಗ್ಯಾರೇಜಿನವನನ್ನು ಕೇಳಿ ಬಂದಳು. ಅವನ ಅಂಗಡಿಯಲ್ಲಿದ್ದ ಬಂಪರುಗಳೆಲ್ಲ ಥಳಥಳ ಹೊಳೆಯುವ ಕೊಳವೆಗಳು, ನೋಡುವುದಕ್ಕೆ ಮಾತ್ರ. ಎಳೆದರೆ ನಿಲ್ಲುತ್ತದೆಯೇ ಎಂದರೆ, ಅದು ಲಿಪ್‌ಸ್ಟಿಕ್ ಇದ್ದ ಹಾಗೆ ಮೇಡಂ, ಅದರಲ್ಲಿ ಊಟ ಮಾಡೋಕಾಗುತ್ತಾ ಎಂದನಂತೆ. ನಿಜವಾದ ಉಕ್ಕಿನದು ಬೇಕಾದರೆ ದೂರದಿಂದ ತರಿಸಬೇಕು, ಮೂರು ತಿಂಗಳು. ಮಳೆಗಾಲ ಬಂದು ಹಳ್ಳ ತುಂಬಲು ಉಳಿದದ್ದು ಏಳೇ ವಾರ.

ಅವಳು ಅಣ್ಣನ ಮುಂದೆ ಹೋಗಿ ನಿಂತಳು.

ನಮ್ಮವರು ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವರು. ಈ ಊರಿನ ಅರ್ಧ ಗೇಟುಗಳು, ಕಿಟಕಿ ಸರಳುಗಳು ಅವರ ಕೈಯವೇ. ಎರಡು ವರ್ಷದ ಹಿಂದೆ ಕಣ್ಣಿನ ಪರದೆಗೆ ಆಪರೇಷನ್ ಆಯಿತು. ದಾರಿ ಕಾಣುತ್ತದೆ, ಮುಖ ಮಸುಕು. ವೆಲ್ಡಿಂಗ್ ಬೆಳಕನ್ನು ಕಪ್ಪುಗಾಜಿನ ಶೀಲ್ಡು ಹಿಡಿದೂ ನೋಡಕೂಡದು ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಅವತ್ತಿನಿಂದ ಹಿತ್ತಲಿನ ಶೆಡ್ಡಿಗೆ ಬೀಗ. ಬೀಗದ ಕೈ ಎಲ್ಲಿದೆ ಎಂದು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ಆಗಲ್ಲ ಪುಟ್ಟಿ. ನನಗೆ ಕಣ್ಣಿಲ್ಲ."

"ನಿನ್ನ ಕಣ್ಣು ಯಾರು ಕೇಳಿದ್ರು? ಕಣ್ಣು ನಂದು, ಕೈ ನಂದು. ನಿನ್ನ ತಲೇಲಿರೋದನ್ನ ಕೊಡು ಸಾಕು."

"ತಲೇಲಿರೋದು ತಲೇಲೇ ಇರ್ಲಿ. ಇದು ಸೂಜಿ ಚುಚ್ಚೋ ಕೆಲಸ ಅಲ್ಲ."

ಅವಳು ಹಟಕ್ಕೆ ಬಿದ್ದರೆ ತಲೆಯ ಮೇಲೆ ತಲೆ ಬಿದ್ದರೂ ಬಿಡುವವಳಲ್ಲ ಎಂದು ನನಗೆ ಗೊತ್ತಿತ್ತು. ಕೆಲಸ ಮುಗಿಸಿ ಬಂದ ಮೇಲೆ ಶೆಡ್ಡಿನ ಬೀಗ ಒಡೆದಳು. ವೆಲ್ಡಿಂಗ್ ಮಷೀನಿನ ಧೂಳು ಒರೆಸಿ, ಶೀಲ್ಡು, ಕೈಗವಸು, ಚರ್ಮದ ಏಪ್ರನ್ನು ಎಲ್ಲ ಹಾಕಿಕೊಂಡು, ಗುಜರಿ ತುಂಡುಗಳ ಮೇಲೆ ತಾನೇ ಶುರು ಮಾಡಿದಳು. ಬೆಸುಗೆಯ ರಾಡು ಕಬ್ಬಿಣಕ್ಕೆ ಅಂಟಿಕೊಳ್ಳುವುದು, ಅವಳು ಬೈದುಕೊಂಡು ಅಲ್ಲಾಡಿಸಿ ಕೀಳುವುದು, ಮತ್ತೆ ಅಂಟುವುದು. ಮೂರು ಸಂಜೆ ಇದೇ ಆಯಿತು.

ಒಳಗೆ ಹಜಾರದಲ್ಲಿ ಕೂತ ನಮ್ಮವರ ಸ್ಥಿತಿ ನೋಡುವ ಹಾಗಿತ್ತು. ರೇಡಿಯೋ ಜೋರು ಮಾಡುವರು, ಸಣ್ಣ ಮಾಡುವರು. "ಕರೆಂಟು ಕಮ್ಮಿ ಇಟ್ಟಿದಾಳೆ," ಎಂದು ಗೊಣಗುವರು. "ರಾಡು ದೂರ ಹಿಡಿದ್ಲು ನೋಡು." ಅಡುಗೆ ಬಾರದವರು ಪಾತ್ರೆ ಬಡಿದರೆ ಅಡುಗೆಯವಳಿಗೆ ಹೇಗಾಗುತ್ತದೋ ಹಾಗೆ. ಮೂರನೇ ಸಂಜೆ ಎದ್ದರು. ದಪ್ಪ ಟವೆಲನ್ನು ಎರಡು ಸುತ್ತು ಕಣ್ಣಿಗೆ ಕಟ್ಟಿಕೊಂಡು, ನನ್ನ ಭುಜ ಹಿಡಿದು ಶೆಡ್ಡಿಗೆ ನಡೆದರು. ಒಂದು ಸ್ಟೂಲನ್ನು ಗೋಡೆಗೆ ಮುಖ ಮಾಡಿ ಇಡಿಸಿಕೊಂಡು, ತಂಗಿಗೆ ಬೆನ್ನು ಕೊಟ್ಟು ಕೂತರು.

"ಹೂಂ, ಮಾಡು. ನಾನು ಕೇಳ್ತೀನಿ."

ಅವಳು ರಾಡು ತಾಗಿಸಿದಳು. ಚಟಪಟ ಎಂದು ಸಿಡಿಯಿತು.

"ಇದು ಜಗಳದ ಸದ್ದು. ಹತ್ತಿರ ತಗೊಂಡು ಹೋಗು. ಇನ್ನೂ. ಬಾಣಲೇಲಿ ಎಣ್ಣೆ ಹದವಾಗಿ ಕಾದಿರುತ್ತಲ್ಲ, ಅದರಲ್ಲಿ ಒಂದೇ ಸಮ ಕರಿಯೋ ಸದ್ದು ಬರಬೇಕು. ಬಂತು ಅಂದ್ರೆ ಕೈ ಅಲ್ಲೇ ನಿಲ್ಲಿಸ್ಕೋ."

ಹತ್ತು ದಿನ ಬರೀ ಸದ್ದು ಕಲಿತಳು. ಆಮೇಲೆ ಅವರು ಬೆರಳಿನಿಂದ ಬೆಸುಗೆಯ ಗೆರೆಯನ್ನು ತಡವಿ, ಇಲ್ಲಿ ಓಡಿದ್ದೀಯ, ಇಲ್ಲಿ ನಿದ್ದೆ ಮಾಡಿದ್ದೀಯ ಎಂದು ಹೇಳುವರು. ಅವಳು ಮರುಮಾತಿಲ್ಲದೆ ಗ್ರೈಂಡರಿನಿಂದ ಕತ್ತರಿಸಿ ಮತ್ತೆ ಮಾಡುವಳು.

ಅಳತೆಯ ಮಟ್ಟಿಗೆ ನನ್ನದೂ ಒಂದು ಕೈ ಇದೆ. ಅಣ್ಣತಂಗಿ ಇಬ್ಬರೂ ಟೇಪು ಹಿಡಿದು ಜೀಪಿನ ಮುಂದೆ ಲೆಕ್ಕ ತಪ್ಪುತ್ತಿದ್ದಾಗ, ಮೊದಲು ರಟ್ಟಿನಲ್ಲಿ ಕತ್ತರಿಸಿ ಎಂದೆ. ಬಟ್ಟೆ ಹಾಳಾಗಬಾರದು ಅಂತ ನಾವು ಹೊಲಿಗೆಯವರು ಮೊದಲು ಪೇಪರಿನಲ್ಲಿ ಕತ್ತರಿಸುವುದಿಲ್ಲವೇ? ಫ್ರಿಜ್ಜು ಬಂದ ರಟ್ಟಿನ ಡಬ್ಬವನ್ನು ಬಿಚ್ಚಿ, ನಡುವಿನ ಹಲಗೆ, ಎರಡು ಮಗ್ಗುಲಿನ ಇಳಿಜಾರು ತುಂಡು, ಜೀಪಿನ ಅಡಿಯ ಉಕ್ಕಿನ ಚೌಕಟ್ಟಿಗೆ, ಅಂದರೆ ಚಾಸಿಗೆ, ಸೇರುವ ಎರಡು ಬ್ರಾಕೆಟ್ಟು, ಎಲ್ಲವನ್ನೂ ಕತ್ತರಿಸಿ ಟೇಪು ಅಂಟಿಸಿ ಜೀಪಿಗೆ ತೊಡಿಸಿ ನೋಡಿದೆವು. ರಟ್ಟಿನ ಬಂಪರು ಚೆಂದವೇ ಇತ್ತು. ಅದನ್ನಿಟ್ಟು ಗುಜರಿಯಿಂದ ತಂದ ಐದು ಮಿಲಿಮೀಟರ್ ಪ್ಲೇಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆವು.

ಮೊದಲ ಪೆಟ್ಟು ಬಿದ್ದದ್ದು ನಾಲ್ಕನೇ ವಾರದಲ್ಲಿ. ಅಂದು ಅವಳಿಗೆ ಕೈ ಕೂಡಿಬಂದಿತ್ತು, ಸದ್ದೂ ಸರಿಯಾಗಿತ್ತು. ಆ ಉತ್ಸಾಹದಲ್ಲಿ ನಡುವಿನ ಪ್ಲೇಟಿಗೆ ಕೆಳಗಿನ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿಗೆ ಬೆಸೆದುಬಿಟ್ಟಳು. ಆರಿದ ಮೇಲೆ ನೋಡಿದರೆ ಇಡೀ ಪ್ಲೇಟು ಬಿಲ್ಲಿನಂತೆ ಬಾಗಿತ್ತು. ಜೀಪಿಗಿಟ್ಟರೆ ಒಂದು ಕಡೆ ಕೂರುತ್ತದೆ, ಇನ್ನೊಂದು ಕಡೆ ನಾಲ್ಕು ಬೆರಳು ಎದ್ದು ನಿಲ್ಲುತ್ತದೆ. ಚಾಸಿಯೇ ಸೊಟ್ಟಗಿದೆ ಎಂದಳು ಅವಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಇವರು. ಕಾವು ಕಬ್ಬಿಣವನ್ನು ಎಳೆಯುತ್ತದೆ, ಅದಕ್ಕೇ ಮೊದಲು ಅಲ್ಲಲ್ಲಿ ಚುಕ್ಕೆ ಇಡಬೇಕು, ಆಮೇಲೆ ಇಲ್ಲೊಂದು ಬೆರಳುದ್ದ, ಅಲ್ಲೊಂದು ಬೆರಳುದ್ದ, ನಡುನಡುವೆ ಆರಲು ಬಿಡಬೇಕು ಎಂದು ವಿವರಿಸಿದರು. ನಮ್ಮ ಕಚ್ಚಾ ಹೊಲಿಗೆಯೇ ಅದು, ಎಂದು ನಾನು ನಡುವೆ ಬಾಯಿ ಹಾಕಿದೆ. ಯಾರೂ ನಗಲಿಲ್ಲ. ನಾದಿನಿ ಆ ಸೊಟ್ಟ ಕಬ್ಬಿಣವನ್ನು ಗೋಡೆಗೆ ಒರಗಿಸಿದಳು. ಒಳಗೆ ಬಂದು ಊಟ ಮಾಡಿದಳು. ಕೈ ತೊಳೆದು ಹೋಗಿ ಗ್ರೈಂಡರಿಗೆ ಕತ್ತರಿಸುವ ಹೊಸ ವೀಲು ಹಾಕಿದಳು.

ಆರನೇ ವಾರದ ಹೊತ್ತಿಗೆ ಬಂಪರಿಗೆ ಒಂದು ರೂಪ ಬಂದಿತ್ತು. ಬಲಗಡೆಯ ಬ್ರಾಕೆಟ್ಟು ಮುಗಿದಿತ್ತು, ಎಡಗಡೆಯದು ಉಳಿದಿತ್ತು. ಅಂದು ನಾನು ನಮ್ಮವರನ್ನು ಕಣ್ಣಿನ ತಪಾಸಣೆಗೆ ಕರೆದೊಯ್ದಿದ್ದೆ. ವಾಪಸು ಬರುವಷ್ಟರಲ್ಲಿ ಅವಳು ಒಬ್ಬಳೇ ಎಡಗಡೆಯದನ್ನೂ ಮುಗಿಸಿ, ಉಜ್ಜಿ, ಕನ್ನಡಿಯ ಹಾಗೆ ಮಾಡಿಟ್ಟಿದ್ದಳು. ಇವರು ಹೆಬ್ಬೆರಳಿನಿಂದ ತಡವಿದರು. ತಡವಲು ಗೆರೆಯೇ ಉಳಿದಿರಲಿಲ್ಲ.

"ಸದ್ದು ಹೇಗಿತ್ತು?"

"ಚೆನ್ನಾಗೇ ಇತ್ತಣ್ಣ."

ಹಾಗೆನ್ನುವಾಗ ಅವಳು ಬೇರೆ ಕಡೆ ನೋಡಿದಳು. ಮುಖ ಕಾಣದ ಅಣ್ಣನ ಮುಂದೆಯೂ ಮುಖ ತಿರುಗಿಸಿದ್ದು ನನಗೆ ಕಂಡಿತು. ನಾನು ಸುಮ್ಮನಾದೆ. ಅದು ನನ್ನ ತಪ್ಪು.

ಎಂಟು ಬೋಲ್ಟಿನಲ್ಲಿ ಬಂಪರನ್ನು ಚಾಸಿಗೆ ಬಿಗಿದು, ಹಿಂದಿನ ಖಾಲಿ ಜಾಗದಲ್ಲಿ ಎಳೆದು ನೋಡುವುದೆಂದು ಆಯಿತು. ಪಕ್ಕದ ಮನೆಯ ಮರಳು ಲಾರಿ ಅಲ್ಲಿ ನಿಂತಿತ್ತು. ಅದಕ್ಕೂ ಬಂಪರಿಗೆ ಬೆಸೆದಿದ್ದ ಎರಡು ಕೊಕ್ಕೆಗಳಿಗೂ ಸರಪಳಿ ಕಟ್ಟಿ, ಹರಿದರೆ ಹಾರದಿರಲಿ ಎಂದು ಸರಪಳಿಯ ಮೇಲೆ ಹಳೆಯ ಕಂಬಳಿ ಹೊದಿಸಿದೆವು. ಅವಳು ಜೀಪನ್ನು ನಿಧಾನ ಹಿಂದಕ್ಕೆ ತೆಗೆದಳು. ಸರಪಳಿ ಬಿಗಿಯಾಯಿತು. ಇಂಜಿನ್ನು ಗುರುಗುಟ್ಟಿತು. ಢಂ ಎಂದು ಸದ್ದಾಗಿ ಬಂಪರಿನ ಎಡಭಾಗ ನೆಲಕ್ಕೆ ಬಿತ್ತು.

ಇವರು ಹೋಗಿ ಮುರಿದ ಜಾಗಕ್ಕೆ ಬೆರಳಿಟ್ಟರು. ಬೆಸುಗೆ ಮೇಲುಮೇಲೆ ಅಂಟಿತ್ತು, ಒಳಗೆ ಇಳಿದೇ ಇರಲಿಲ್ಲ.

"ಸದ್ದು ಸರಿ ಇರ್ಲಿಲ್ಲ ಅಣ್ಣ," ಎಂದಳು ಅವಳು ಜೀಪಿನಿಂದ ಇಳಿದು. "ಸಿಡೀತಾ ಇತ್ತು. ನಂಗೆ ಗೊತ್ತಾಯ್ತು. ಇನ್ನು ಒಂಬತ್ತೇ ದಿನ ಇದೆ ಅಂತ ಉಜ್ಜಿ ಮುಚ್ಚಿಬಿಟ್ಟೆ."

ಇವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕಂಬಳಿಯನ್ನು ಎಳೆದುಕೊಂಡು ಅದರ ಮೇಲೆ ಕೂತರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನನಗೂ ಹೇಳದ ಮಾತನ್ನು ಆಗ ಹೇಳಿದರು. ಒಮ್ಮೆ ಒಂದು ಮೂರನೇ ಮಹಡಿಯ ಬಾಲ್ಕನಿಗೆ ಸರಳು ಕೂರಿಸುವಾಗ ಒಂದು ಕಾಲಿನ ಬೆಸುಗೆ ಸರಿಹೋಗಿರಲಿಲ್ಲವಂತೆ. ಮಾಲೀಕರು ಅವಸರ ಮಾಡುತ್ತಿದ್ದರು, ಬಣ್ಣದವನು ಡಬ್ಬ ಹಿಡಿದು ಕಾಯುತ್ತಿದ್ದ. ಬಿಟ್ಟು ಬಂದರಂತೆ.

"ಒಂದು ವರ್ಷ ದಿನಾ ಆ ಬೀದೀಲಿ ಹೋಗ್ತಿದ್ದೆ. ಮಕ್ಕಳು ಅದರ ಮೇಲೆ ಒರಗಿ ನಿಂತಿರೋವು. ನಂಗೆ ಅನ್ನ ಸೇರ್ತಿರ್ಲಿಲ್ಲ. ಕೊನೆಗೆ ಹೋಗಿ, ಬಣ್ಣ ಕೆಟ್ಟಿದೆ ಅಂತ ಸುಳ್ಳು ಹೇಳಿ, ಬಿಟ್ಟಿಯಾಗಿ ಬಿಚ್ಚಿ ಮತ್ತೆ ಹಾಕಿ ಬಂದೆ. ಇದು ಇಲ್ಲೇ ಮುರೀತಲ್ಲ, ಪುಣ್ಯ ಮಾಡಿದೀಯ."

ಅವಳು ತಲೆಯಾಡಿಸಿದಳು. ಎಡಗಡೆಯದನ್ನು ಮಾತ್ರ ಮತ್ತೆ ಮಾಡಿದರೆ ಸಾಕು, ಬಲಗಡೆಯದರ ಸದ್ದು ನಾನು ಕೇಳಿದ್ದೇನೆ, ಗಟ್ಟಿಯಾಗಿದೆ ಎಂದು ಇವರು ಹೇಳಿದರು.

"ಎರಡೂ ಕತ್ತರಿಸ್ತೀನಿ," ಎಂದಳು ನಾದಿನಿ.

"ಬಲಗಡೆದು ಯಾಕೆ?"

"ಅದು ನಿನ್ನ ಕಿವಿ ಒಪ್ಪಿದ್ದು. ನನ್ನ ಕಿವಿ ಒಪ್ಪಬೇಕು. ಹಳ್ಳದಲ್ಲಿ ನೀನು ಇರಲ್ಲ."

ಎರಡು ದಿನ ರಜೆ ಹಾಕಿದಳು. ಈ ಸಲ ಹತ್ತು ಮಿಲಿಮೀಟರ್ ಪ್ಲೇಟು, ಮೂಲೆಗೊಂದು ತ್ರಿಕೋನದ ಆಸರೆ. ಇವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ಆದರೆ ಬಾಯಿ ಬಿಡಲಿಲ್ಲ. ಮೂರು ಸಲ ಅವಳು ತಾನೇ ನಿಲ್ಲಿಸಿ, "ಇದು ಬೇಡ," ಎಂದು ಕಿತ್ತಳು. ಆ ಮೂರೂ ಸಲ, ಅವಳು ಹೇಳುವ ಮುಂಚೆಯೇ ಇವರ ತಲೆ ಅಡ್ಡಡ್ಡ ಆಡಿದ್ದನ್ನು ಬಾಗಿಲಲ್ಲಿ ನಿಂತು ನಾನು ನೋಡಿದೆ. ಅವಳಿಗೆ ಶೀಲ್ಡಿನೊಳಗಿಂದ ಅದು ಕಂಡಿರಲಾರದು.

ಮತ್ತೆ ಸರಪಳಿ, ಮತ್ತೆ ಕಂಬಳಿ. ಜೀಪಿನ ಹಿಂದಿನ ಚಕ್ರಗಳು ಮಣ್ಣು ಕೆದರಿ ಗುಂಡಿ ತೋಡಿದವು. ಬಂಪರು ಮಿಸುಕಲಿಲ್ಲ. ಕೊನೆಗೆ ಲಾರಿಯೇ ಒಂದು ಗೇಣು ಮುಂದೆ ಸರಿಯಿತು. ಅದಕ್ಕೆ ಬ್ರೇಕು ಹಾಕಿತ್ತು ಎಂದು ಲಾರಿಯವನು ಆಣೆ ಮಾಡಿ ಹೇಳಿದ.

ಕಿಟಕಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನೇ ಬಳಿದೆವು. ಭಾರಕ್ಕೆ ಜೀಪಿನ ಮುಂಭಾಗ ಒಂದು ಅಂಗುಲ ಕುಸಿಯಿತು. ಮೂಗಿಗಿಂತ ಮೂಗುತಿ ಭಾರ ಎಂದು ನಾನು ನಕ್ಕೆ. ಸ್ಪ್ರಿಂಗು ಬದಲಿಸಲು ಹೋದಾಗ ಗ್ಯಾರೇಜಿನವನು ಕೆಳಗೆ ಮಲಗಿ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದನಂತೆ. ಎದ್ದು ಬಂದು, ಯಾವ ವರ್ಕ್‌ಶಾಪಿನಲ್ಲಿ ಮಾಡಿಸಿದಿರಿ ಮೇಡಂ ಎಂದನಂತೆ. ಹಿತ್ತಲಿನಲ್ಲಿ ಎಂದು ಹೇಳಿ ಬಂದಳು.

ಮಳೆ ಹೇಳಿದ ದಿನಕ್ಕೆ ಬರಲಿಲ್ಲ, ಹದಿನೈದು ದಿನ ತಡವಾಗಿ ಬಂತು. ಆ ಮಳೆಗಾಲದಲ್ಲಿ ನಾಲ್ಕು ಸಲ ಬಂಪರಿಗೆ ಹಗ್ಗ ಬಿತ್ತು. ಎರಡು ಸಲ ಬೇರೆಯವರು ಇವಳನ್ನು ಎಳೆದರು, ಎರಡು ಸಲ ಇವಳೇ ಬೇರೆಯವರನ್ನು ಎಳೆದಳು. ಒಂದು ಸಲ ಬಂಡೆಗೆ ತಾಗಿ ಬಲಮೂಲೆ ನೆಗ್ಗಿತು. ಇವರು ತಡವಿ ನೋಡಿ, ಬಿರುಕಿಲ್ಲ ಎಂದರು.

ಮಳೆ ನಿಂತ ಮೇಲೆ ಪಕ್ಕದ ತಾಲೂಕಿನ ಆಂಬುಲೆನ್ಸಿನ ಡ್ರೈವರು ನಮ್ಮ ಮನೆ ಹುಡುಕಿಕೊಂಡು ಬಂದ. ಅವನ ಗಾಡಿಗೂ ಇಂಥದೇ ಬೇಕಂತೆ. ಇವರು ಅವನಿಗೆ ಟೀ ಕುಡಿಸಿ, ಗಾಡಿಯ ಮುಂಭಾಗವನ್ನೆಲ್ಲ ಕೈಯಿಂದ ತಡವಿ ನೋಡಿ, ಮಹಡಿಯ ಕಡೆ ಮುಖ ಮಾಡಿ ಕೂಗಿದರು.

"ಪುಟ್ಟಿ, ಭಾನುವಾರ ನಿಂಗೆ ರಜೆ ಅಲ್ವಾ?"

"ಅಣ್ಣ, ನಾನು ನರ್ಸು," ಎಂದಳು ಅವಳು ಮೇಲಿನಿಂದ.

"ಗೊತ್ತು. ಭಾನುವಾರ ಕೇಳ್ದೆ."

ಅವಳು ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡೇ ಮೆಟ್ಟಿಲಿಳಿದು ಬಂದಳು. ಆಂಬುಲೆನ್ಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಗ್ಗಿ ಚಾಸಿಯನ್ನು ನೋಡಿ, ನನ್ನ ಕಡೆ ತಿರುಗಿದಳು.

"ಅತ್ತಿಗೆ, ದೊಡ್ಡ ರಟ್ಟು ಏನಾದ್ರೂ ಇದೆಯಾ ನೋಡ್ತೀರಾ?"