ಮೇಕೆಗಳನ್ನು ಕರೆಯುವ ದನಿ

ಮೊಬೈಲಿನಿಂದ ಮೇಕೆಗಳ ಕೂಗು ಹೊರಟದ್ದೇ ತಡ, ಮಂಚದ ಮೇಲಿದ್ದ ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಕಣ್ಣಂಚಿನಿಂದ ನೀರು ಇಳಿದು ದಿಂಬು ಸೇರಿತು.

"ನಿಲ್ಲಿಸ್ರೀ ಅದನ್ನ!" ಮಗಳು ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು. ಅಳಿಯ ಗಾಬರಿಯಲ್ಲಿ ಎಲ್ಲೆಲ್ಲೋ ಒತ್ತಿ, ದನಿಯನ್ನು ಇನ್ನಷ್ಟು ಜೋರು ಮಾಡಿ, ಕೊನೆಗೆ ಮೊಬೈಲನ್ನೇ ಹೊದಿಕೆಯಡಿ ತುರುಕಿದ.

ಪಾರ್ಶ್ವವಾಯು ಬಡಿದ ಮೇಲೆ ಅಮ್ಮನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಕರೆದರೆ ತಿರುಗಿ ನೋಡುವುದೂ ಇಲ್ಲ. ವ್ಯಾಯಾಮ ಮಾಡಿಸಲು ಬರುವ ನರ್ಸ್, "ಜೀವಮಾನವೆಲ್ಲ ಮೇಕೆ ಸಾಕಿದವರು, ಆ ಸದ್ದು ಕೇಳಿಸಿ ನೋಡಿ. ಗುಣ ಆಗುತ್ತೆ ಅಂತ ಹೇಳೋಕಾಗಲ್ಲ. ಮನಸ್ಸಿಗೆ ಹಿತ ಆದ್ರೂ ಆಗಬಹುದು" ಎಂದಿದ್ದಳು. ಅಳಿಯ ಅಂದೇ ಸ್ಕೂಟರ್ ಹತ್ತಿದ್ದ.

"ಎಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದ್ರಿ?"

"ಮಟನ್ ಅಂಗಡಿ ಹಿಂದೆ. ಹತ್ತಿರ ಆಗುತ್ತೆ ಅಂತ..." ಅವನು ನಾಲಿಗೆ ಕಚ್ಚಿಕೊಂಡ. "ಮೇಕೆ ಕೂಗು ಎಲ್ಲಾ ಒಂದೇ ಅಲ್ವೇನೇ?"

"ನಿಮಗೆ ಒಂದೇ. ಅಮ್ಮಂಗಲ್ಲ."

ಅಮ್ಮ ಅಡುಗೆಮನೆಯಲ್ಲಿ ಕೂತೇ ಹಸಿವಿನ ಕೂಗು ಯಾವುದು, ಹೆದರಿಕೆಯದು ಯಾವುದು ಎಂದು ಹೇಳುತ್ತಿದ್ದಳು. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಗಂಟಲಾಳದಿಂದ "ಹುರ್ರ್... ಹುರ್ರ್..." ಎಂದರೆ ಸಾಕು, ಮೇಕೆಗಳೆಲ್ಲ ಎದ್ದುಬಿದ್ದು ಓಡಿಬಂದು ಅವಳ ಕೈಯಡಿ ತಲೆ ತೂರಿಸುತ್ತಿದ್ದವು. ಒಂದೊಂದಕ್ಕೂ ಕಿವಿಯ ಹಿಂದೆ ಕೆರೆಯುವ ಉಪಚಾರ ಬೇರೆ. ಮಗಳನ್ನು ಕರೆಯುವಾಗ ಮಾತ್ರ, "ಎಲ್ಲಿ ಹಾಳಾಗಿ ಹೋದ್ಯೇ?" ಆ ಮೇಕೆಗಳನ್ನು ಕಂಡರೆ ಮಗಳಿಗೆ ವಿಪರೀತ ಹೊಟ್ಟೆಕಿಚ್ಚಿತ್ತು. ಈಗ ಆ ಬೈಗುಳವಾದರೂ ಒಮ್ಮೆ ಕಿವಿಗೆ ಬೀಳಲಿ ಎಂದು ಜೀವ ಹಂಬಲಿಸುತ್ತಿತ್ತು.

ಮರುದಿನ ಬೆಳಗ್ಗೆ ಅಳಿಯ ಕಾಫಿಯನ್ನೂ ಕುಡಿಯದೆ ಮಾಯವಾದ. ಬಿಸಿಲೇರುವ ಹೊತ್ತಿಗೆ ಹಿಂತಿರುಗಿದಾಗ ಮೈಯೆಲ್ಲ ದೊಡ್ಡಿಯ ವಾಸನೆ.

"ಹಾಲಿಗೆ ಸಾಕಿರೋರ ಮನೆಗೇ ಹೋಗಿದ್ದೆ. ಮರಿ ಬಿಡೋ ಹೊತ್ತಿಗೆ ಸರಿಯಾಗಿ. ನನ್ನ ಅಂಗಿ ಗುಂಡಿ ಒಂದನ್ನ ನುಂಗೇಬಿಡ್ತು ಕಳ್ಳಮುಂಡೇದು!"

ಈ ಸಲ ಮೊಬೈಲನ್ನು ಅಮ್ಮನ ತಲೆಯ ಬಳಿ ಮೆಲ್ಲಗಿಟ್ಟ. ಮೊದಲು ಮರಿಗಳ ಅವಸರದ ಕೂಗು. ಆಮೇಲೆ ಗದ್ದಲ ಅಡಗಿ, ಹಾಲು ಚೀಪುವ ಚಪ್ಪರಿಕೆ, ತಾಯಿ ಮೇಕೆ ಬಾಯಿ ತೆರೆಯದೆ ಗುನುಗುವ ಸದ್ದು. ಅಮ್ಮನ ಮುಖ ಗೋಡೆಯಿಂದ ಇತ್ತ ತಿರುಗಿತು. ಕಣ್ಣು ಮುಚ್ಚಿತ್ತು, ಆದರೆ ಹುಬ್ಬಿನ ಗಂಟು ಸಡಿಲವಾಗಿತ್ತು. ಸ್ವಾಧೀನವಿದ್ದ ಕೈ ಸರಿಯುತ್ತ ಬಂದು ಮಂಚದ ಅಂಚಿನಾಚೆ ಇಳಿಬಿತ್ತು.

ಗಂಟಲಲ್ಲಿ ಏನೋ ಗೊರಗುಟ್ಟಿತು. ಅಳಿಯ ಉಸಿರು ಸಿಕ್ಕಿಕೊಂಡಿತೆಂದು ನೀರು ತರಲು ಓಡಿದ. ಮಗಳು ಹೊಲಿಯುತ್ತಿದ್ದ ರವಿಕೆಯನ್ನು ಕೆಳಗಿಟ್ಟು ಕಿವಿಗೊಟ್ಟಳು.

"ಹುರ್ರ್... ಹುರ್ರ್..."

ಒರಟು ದನಿ, ಅರ್ಧಂಬರ್ಧ. ಆದರೆ ಅದೇ. ಅಮ್ಮನ ಇಳಿಬಿಟ್ಟ ಬೆರಳುಗಳು ಗಾಳಿಯಲ್ಲಿ ಯಾವುದೋ ತಲೆಯನ್ನು ತಡಕುತ್ತಿದ್ದವು.

ನೀರಿನ ಲೋಟ ಹಿಡಿದು ಬಂದ ಅಳಿಯ ಬಾಗಿಲಲ್ಲೇ ನಿಂತ. ಮೊಬೈಲಿನ ಸದ್ದು ಮುಗಿದಿತ್ತು. ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತು, ಅಮ್ಮನ ಕೈಯಡಿ ತಲೆ ತೂರಿಸಿದ್ದಳು. ಬೆರಳುಗಳು ಅವಳ ಕಿವಿಯ ಹಿಂದೆ ಮೆತ್ತಗೆ ಕೆರೆಯುತ್ತಿದ್ದವು.