ತುಂಬ್ಯಾವ

ನಮ್ಮ ನಾಟಕ ಕಂಪನಿಯಲ್ಲಿ ‘ಖಾಲಿ’ ಎಂಬ ಮಾತನ್ನು ಯಾರೂ ಆಡುವಂತಿಲ್ಲ. ಆಡಿದರೆ ಆ ಕ್ಯಾಂಪು ಮುಗಿಯುವ ತನಕ ಕುರ್ಚಿಗಳೂ ಹಾಗೇ ಬಿದ್ದಿರುತ್ತವೆ ಎಂಬ ನಂಬಿಕೆ. ಅಕ್ಕಿ ತೀರಿದರೆ ‘ಅಕ್ಕಿ ತುಂಬ್ಯಾವ’ ಎನ್ನಬೇಕು, ಎಣ್ಣೆ ತೀರಿದರೆ ‘ಎಣ್ಣಿ ತುಂಬೇತಿ’. ಮೊದಲು ಮನೆಗಳಲ್ಲೂ ಹಿರಿಯ ಹೆಂಗಸರು ಹೀಗೇ ಅನ್ನುತ್ತಿದ್ದರು. ಮನೆಗಳಲ್ಲಿ ಅದು ಮರೆತುಹೋಯಿತು, ನಮ್ಮಲ್ಲಿ ಉಳಿಯಿತು. ಹಾಸ್ಯದ ಪಾತ್ರ ಮಾಡುವ ಹುಲಗೇಶ ಬೋಳು ತಲೆ ಸವರಿಕೊಂಡು, “ನೋಡ್ರಿ, ನನ್ನ ಕೂದಲಾನೂ ತುಂಬ್ಯಾವ” ಎಂದು ನಗಿಸುತ್ತಿದ್ದ.

ಈ ಮಾತನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವಳು ಸರೋಜವ್ವ. ವಯಸ್ಸಿನುದ್ದಕ್ಕೂ ರಾಣಿಯ ಪಾರ್ಟು ಮಾಡಿದವಳು. ಹೋದ ವರ್ಷ ಸವಣೂರಿನ ಕ್ಯಾಂಪಿನಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ಲಕ್ವ ಹೊಡೆದು ಬಲಭಾಗ ಹೋಯಿತು. ಬಾಯಲ್ಲಿ ಕೆಲವೇ ಮಾತು ಉಳಿದವು. ಗಂಡ ಮಕ್ಕಳಿಲ್ಲ. ಹಾನಗಲ್ಲಿನಲ್ಲಿ ತಂಗಿಯ ಮಗಳು ನೇತ್ರಾ ಇದ್ದಾಳೆ, ಆದರೆ ಅವಳು ಫೋನಿನಲ್ಲೇ ಹೇಳಿಬಿಟ್ಟಿದ್ದಳು: “ದನದ ಕ್ವಾಟಗಿ ಮಗ್ಗಲಕ ಒಂದ ಖೋಲಿ ಐತಿ. ಹಗಲೆಲ್ಲಾ ನಾವು ಹೊಲದಾಗ ಇರ್ತೇವಿ. ನೋಡಾವ್ರು ಯಾರಿಲ್ಲ.”

ಹಾಗಾಗಿ ಸರೋಜವ್ವ ಗಾಡಿಮನೆಯಲ್ಲೇ ಉಳಿದಳು. ಗಾಡಿಮನೆ ಎಂದರೆ ಟ್ರ್ಯಾಕ್ಟರ್ ಎಳೆಯುವ ಟ್ರೇಲರಿನ ಮೇಲೆ ತಗಡಿನ ಗೋಡೆ ಎಬ್ಬಿಸಿ, ಹೆಂಗಸರಿಗೆಂದು ಹಾಸಿಗೆ, ಬಚ್ಚಲು, ಪಾಯಖಾನೆ ಮಾಡಿದ ಮನೆ. ಹಾಸಿಗೆಯ ಕೆಳಗೆ ಒಳ್ಳೆಯ ನೀರಿನ ಟಾಕಿ, ನೆಲದ ಕೆಳಗೆ ಹೊಲಸು ನೀರಿನದು. ಮಾಲಕ ಮಹಾಲಿಂಗಪ್ಪ ಅಂದೇ ನನಗೆ ಹೇಳಿದ್ದರು: “ಸಾವಂತ್ರವ್ವ, ನಾ ಆಕಿನ್ನ ಹೊರಗ ಹಾಕಾಂವ ಅಲ್ಲ. ಆದ್ರ ನಾತ ಬಂದ್ರ ಜಾಗಾ ಕೊಡಾವ್ರು ಸುಮ್ಕಿರಂಗಿಲ್ಲ. ನಾತ ಬರೂತನಕ ಇರ್ಲಿ.”

ನಾನು ಕಂಪನಿಯ ಅಡುಗೆಯವಳು. ಅಂದಿನಿಂದ ನನ್ನ ಜೀವವೆಲ್ಲ ಆ ಎರಡು ಟಾಕಿಗಳಲ್ಲಿತ್ತು. ಅರ್ಧ ಟಾಕಿ ನೀರಿಟ್ಟುಕೊಂಡು ಹೊರಟರೆ ತಿರುವಿನಲ್ಲಿ ನೀರು ಒಂದೇ ಕಡೆ ನುಗ್ಗಿ ಗಾಡಿಯನ್ನು ಎಳೆಯುತ್ತದೆ. ಪೂರಾ ತುಂಬಿದರೆ ಹಸಿ ನೆಲದಲ್ಲಿ ಗಾಲಿ ಹೂತುಕೊಳ್ಳುತ್ತದೆ. ಹೊಲಸಿನ ಟಾಕಿಯ ನೀರನ್ನು ಊರ ಹೊರಗೆ ಗುಂಡಿ ತೋಡಿ ಬಿಟ್ಟು, ಎರಡು ಕೊಡ ಸುರಿದು ತೊಳೆದ ಮೇಲೇ ಹೊರಡಬೇಕು. ಸವಣೂರಿನ ಮೈದಾನದ ಬೋರಿನ ನೀರು ಸವಳು. ಅದರಲ್ಲಿ ಅವಳ ಬಟ್ಟೆ ಒಗೆದರೆ ಒರಟಾಗಿ ಬೆನ್ನಿಗೆ ಗಾಯ ಮಾಡುತ್ತಿತ್ತು. ಅದಕ್ಕೆ ಸಿಹಿನೀರನ್ನು ಅವಳೊಬ್ಬಳಿಗೇ ತೆಗೆದಿಡುತ್ತಿದ್ದೆ. ಒಂದು ವರ್ಷ ಯಾರ ಮೂಗಿಗೂ ಏನೂ ತಾಗಲಿಲ್ಲ.

ಶಿಗ್ಗಾಂವಿಯ ಕ್ಯಾಂಪು ಮುಗಿದು ಹಿರೇಕೆರೂರಿಗೆ ಹೊರಟಾಗ ಮಳೆ ಬಿದ್ದು ಮೈದಾನ ರಾಡಿಯಾಗಿತ್ತು. ಗಾಲಿ ಹೂಳಬಾರದೆಂದು ಒಳ್ಳೆಯ ನೀರನ್ನೂ ಹೊರಗೆ ಬಿಟ್ಟೆ. ಹಳೆಯ ಡ್ರೈವರ್ ಉಳಿವೆಪ್ಪ ಕೆಲಸ ಬಿಟ್ಟಿದ್ದ. ಆ ವಾರವಷ್ಟೇ ಸೇರಿದ ಚನ್ನೇಶನಿಗೆ ಹೇಳಿದೆ: “ಬಂಕಾಪುರದಾಗ ಟೈರಿನ ಅಂಗಡಿ ಮುಂದ ನಳಾ ಐತಿ. ಅಲ್ಲಿ ಟಾಕಿ ತುಂಬಿಸ್ಕೊಂಡ ಬಾ, ಮರೀಬ್ಯಾಡ.”

“ಆತು ಬೇ, ನನಗೇನ ಸಣ್ಣ ಹುಡುಗ ಅಂತ ತಿಳದಿಯೇನು?” ಎಂದ.

ಒಲೆ ಹೂಡಬೇಕೆಂದು ನಾನು ಪಾತ್ರೆಗಳ ಟೆಂಪೋದಲ್ಲಿ ಮುಂದೆ ಹೋದೆ. ಸರೋಜವ್ವನ ಜೊತೆ ಗುಲ್ನಾರ ಕುಳಿತಳು. ಅವಳು ಈಗ ರಾಣಿಯ ಪಾರ್ಟು ಮಾಡುವವಳು.

ಚನ್ನೇಶ ಮರೆಯಲಿಲ್ಲ. ನಳದ ಮುಂದೆಯೇ ಗಾಡಿ ನಿಲ್ಲಿಸಿದ. ಗುಲ್ನಾರ ಚಹಾ ತರಲು ಇಳಿದುಹೋಗಿದ್ದಳು. ಅವನು ಬಾಗಿಲು ತೆಗೆದು, “ಅಜ್ಜಿ, ಟಾಕ್ಯಾಗ ನೀರ ಅದಾವೇನ್ರಿ?” ಎಂದು ಕೇಳಿದ. ಸರೋಜವ್ವನನ್ನು ಯಾರಾದರೂ ಏನಾದರೂ ಕೇಳಿ ಎಷ್ಟು ದಿನವಾಗಿತ್ತೋ. ಬಾಯಿ ಕೂಡಿಸಿಕೊಂಡು ಹೇಳಿದಳು: “ತುಂಬ್ಯಾವ.”

ಅವನು ಬಾಗಿಲು ಹಾಕಿ ಹೊರಟುಬಂದ.

ಹಿರೇಕೆರೂರಿನಲ್ಲಿ ನಮಗೆ ಸಿಕ್ಕಿದ್ದು ಗೋವಿನಜೋಳದ ವ್ಯಾಪಾರಿ ಶಿದ್ಲಿಂಗಪ್ಪನವರ ಒಣಗಿಸುವ ಕಣ. ಗಾಡಿ ಬಂದಾಗ ಮಧ್ಯಾಹ್ನದ ಬಿಸಿಲು. ತಗಡಿನ ಮನೆ ಕಾದಿತ್ತು. ದಾರಿಯಲ್ಲಿ ಸರೋಜವ್ವನಿಗೆ ಹೊಟ್ಟೆ ಕೆಟ್ಟಿತ್ತು. ಗುಲ್ನಾರ ಬಾಟಲಿಯ ನೀರಲ್ಲಿ ಅಷ್ಟಿಷ್ಟು ಒರೆಸಿ, ಸೆರಗು ಮೂಗಿಗೆ ಒತ್ತಿ ಕೂತಿದ್ದಳು. ನಾನು ಬಚ್ಚಲ ನಳ ತಿರುಗಿಸಿದೆ. ಗೊರ್ ಎಂದು ಗಾಳಿ ಬಂತು.

“ಚನ್ನೇಶಾ!”

“ಅಜ್ಜಿನ ಹೇಳಿದ್ಲಲ್ಲಬೇ, ತುಂಬ್ಯಾವ ಅಂತ!”

ಹುಲಗೇಶ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಹಾಸಿಗೆಯಲ್ಲಿ ಸರೋಜವ್ವ ಎಲ್ಲ ಕೇಳಿಸಿಕೊಂಡಳು. ಅವಳ ಎಡಗೈ ಚಾದರವನ್ನು ಹಿಡಿದು ಬಿಟ್ಟು ಮಾಡುತ್ತಿತ್ತು.

ಕಣದ ಬೋರಿಗೆ ಸಂಜೆಯ ತನಕ ಕರೆಂಟಿಲ್ಲ. ನಾನು ಕೊಡ ಹಿಡಿದು ಪಕ್ಕದ ಓಣಿಗೆ ಓಡಿದೆ. ಎರಡು ಮನೆಯಲ್ಲಿ ಬೇಡಿ ಒಂದು ಕೊಡ ತರುವಷ್ಟರಲ್ಲಿ ಶಿದ್ಲಿಂಗಪ್ಪ ಗಾಡಿಮನೆಯ ಬಾಗಿಲಲ್ಲಿ ನಿಂತಿದ್ದರು.

“ಮಾಲಕರ, ಇಲ್ಲಿ ಮಂದಿ ತಿನ್ನೂ ಕಾಳು ಒಣಗಸ್ತೇವ್ರಿ. ಈ ಗಾಡಿ ಇಲ್ಲಿ ನಿಂದ್ರೂದಾದ್ರ ನಿಮ್ಮ ನಾಟಕಾ ಬ್ಯಾಡ.”

ಮಹಾಲಿಂಗಪ್ಪ ನನ್ನತ್ತ ನೋಡಲಿಲ್ಲ. ಆಮೇಲೆ ನಾನೇ ಹತ್ತಿರ ಹೋದೆ. “ಮಾತು ತಿಳೀದ ಆತ್ರಿ. ಆಕಿ ತಪ್ಪಲ್ಲ, ಆ ಹುಡುಗನ ತಪ್ಪೂ ಅಲ್ಲ.”

“ನನಗೂ ಗೊತ್ತೈತಿ ಸಾವಂತ್ರವ್ವ,” ಎಂದರು. “ಯಾರ ತಪ್ಪಾದ್ರೇನ, ನಾತ ಬಂತಲ್ಲ.” ಅಲ್ಲೇ ನಿಂತು ಹಾನಗಲ್ಲಿನ ನೇತ್ರಾಳಿಗೆ ಫೋನು ಹಚ್ಚಿದರು.

ಮರುದಿನ ಕರೆಂಟು ಬಂದಾಗ ಟಾಕಿಯನ್ನು ಬಾಯಿಮಟ ತುಂಬಿಸಿದೆ. ಬಿಸಿನೀರು ಕಾಸಿ, ಸರೋಜವ್ವನ ತಲೆಗೆ ಸೀಗೆ ಹಚ್ಚಿ, ಸಾವಕಾಶ ಎರೆದೆ. ಒಂದು ವರ್ಷ ಹನಿ ಹನಿ ಹಿಡಿದಿಟ್ಟವಳು ಅಂದು ಕೈ ಬಿಚ್ಚಿ ಸುರಿದೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಕುಡಿಯುವ ಬಾಟಲಿಯನ್ನು ತುಂಬಿ ಎಡಗೈಗೆ ಕೊಟ್ಟೆ.

ನೇತ್ರಾಳ ಗಂಡ ರುದ್ರೇಶ ಸಾಮಾನು ಸಾಗಿಸುವ ಆಟೋ ತಂದಿದ್ದ. ಹಿಂದೆ ತಾಡಪತ್ರಿ ಹಾಸಿದ್ದ. ಚನ್ನೇಶ ಓಡಿಬಂದು ಅವಳನ್ನು ಎತ್ತಿ ಮಲಗಿಸಿದ. ಅವನ ಮುಖ ಸಣ್ಣದಾಗಿತ್ತು. ಏನಾದರೂ ಅನ್ನಬೇಕಲ್ಲ ಎಂದೋ ಏನೋ ಕೇಳಿದ: “ಅಜ್ಜಿ, ಬಾಟ್ಲ್ಯಾಗ ನೀರ ಅದಾವಲ್ರಿ?”

ಸರೋಜವ್ವ ಅವನನ್ನು ನೋಡಿದಳು. ಮಹಾಲಿಂಗಪ್ಪನವರನ್ನು ನೋಡಿದಳು. ಸೊಟ್ಟಗಾದ ಬಾಯಿಯನ್ನು ಬಹಳ ಹೊತ್ತು ಕೂಡಿಸಿಕೊಂಡಳು. ಆಮೇಲೆ, ಹಿಂದಿನ ಸಾಲಿಗೂ ಕೇಳಿಸುವ ಆ ಹಳೆಯ ದನಿಯಲ್ಲಿ ಹೇಳಿದಳು.

“ಖಾಲಿ.”

ಗುಲ್ನಾರ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪರದೆ ಕಟ್ಟುತ್ತಿದ್ದವರು ಹಗ್ಗ ಹಿಡಿದು ನಿಂತರು. ಬಾಟಲಿ ಅವಳ ಕೈಯಲ್ಲೇ ಇತ್ತು, ಕಂಠದ ತನಕ ನೀರು. ಯಾರೂ ತಿದ್ದಲಿಲ್ಲ. ರುದ್ರೇಶ ಆಟೋ ಚಾಲೂ ಮಾಡಿದ.